ನಮಸ್ಕಾರ ಮತ್ತು ಅದರ ಮರುನುಡಿ

ಯುಗಾದಿಯ ದಿನ ಬೇವು-ಬೆಲ್ಲ ಹಂಚಿದ ಮೇಲೆ ಮನೆಯ ಕಿರಿಯರು ಹಿರಿಯರ ಕಾಲಿಗೆ ನಮಸ್ಕಾರ ಮಾಡುವ ರೂಢಿಯನ್ನು ಕುರಿತು ಈ ಅಂಕಣದಲ್ಲಿ ಕೆಲವು ಸಂಚಿಕೆಗಳ ಹಿಂದೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಬೆಂಗಳೂರಿನ ಹಲವು ಬಡಾವಣೆಗಳಿಂದ ಓದುಗರು ಪತ್ರ ಬರೆದಿದ್ದಾರೆ. ಕೆಲವರದು ವಿಧಿಯ ಬಗೆಗಿನ ಸಂದೇಹ. ಇನ್ನು ಕೆಲವರದು ಬಹುಕಾಲದಿಂದ ಮನಸ್ಸಿನಲ್ಲಿ ಉಳಿದುಕೊಂಡ ನೋವು. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಕೊಟ್ಟಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಹಿರಿಯರ ಕಾಲಿನ ಹೆಬ್ಬೆರಳಿನಿಂದ ಶಕ್ತಿ ಹೊರಟು ನಮ್ಮ ಬೆರಳ ತುದಿಯ ಮೂಲಕ ಮೈಗೆ ಹರಿಯುತ್ತದೆ, ಇದನ್ನು ವಿಜ್ಞಾನವೂ ಒಪ್ಪಿದೆ ಎಂಬ ಸಂದೇಶ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಭೌತಶಾಸ್ತ್ರ ಓದುತ್ತಿರುವ ನನ್ನ ಮಗ ಇದನ್ನು ನಂಬುವುದಿಲ್ಲ, ಈಗ ನಮಸ್ಕಾರ ಮಾಡುವುದನ್ನೇ ಬಿಟ್ಟಿದ್ದಾನೆ. ಅವನಿಗೆ ಏನು ಹೇಳಲಿ? (ರಾಜಾಜಿನಗರ)

ಉತ್ತರ: ಸಂದೇಶ ಸುಳ್ಳು, ನಿಮ್ಮ ಮಗನ ಮಾತು ಸರಿ ಎಂದು ಮೊದಲು ಹೇಳಿ. ನಮ್ಮ ನರಗಳಲ್ಲಿ ಅತಿ ಸಣ್ಣ ವಿದ್ಯುತ್ ಸಂಕೇತಗಳು ಓಡಾಡುತ್ತವೆ ಎನ್ನುವುದು ನಿಜವಾದರೂ, ಒಬ್ಬರ ಪಾದವನ್ನು ಮುಟ್ಟಿದ ಮಾತ್ರಕ್ಕೆ ಅವರ ಶಕ್ತಿಯೋ ಜ್ಞಾನವೋ ಇನ್ನೊಬ್ಬರ ಮೈಗೆ ಹರಿದು ಬರುವುದಿಲ್ಲ. ಹಳೆಯವರೂ ಹಾಗೆ ಹೇಳಿರಲಿಲ್ಲ. ಈ ವಿಷಯದಲ್ಲಿ ಎಲ್ಲರೂ ಉದ್ಧರಿಸುವ ಮನುಸ್ಮೃತಿಯ ಶ್ಲೋಕ ‘ಅಭಿವಾದನಶೀಲಸ್ಯ ನಿತ್ಯಂ ವೃದ್ಧೋಪಸೇವಿನಃ’ ಎಂದು ಆರಂಭವಾಗುತ್ತದೆ; ನಮಸ್ಕರಿಸುವ ಸ್ವಭಾವದವನಿಗೆ, ನಿತ್ಯವೂ ಹಿರಿಯರ ಸೇವೆ ಮಾಡುವವನಿಗೆ ಆಯುಸ್ಸು, ವಿದ್ಯೆ, ಯಶಸ್ಸು, ಬಲ ಎಂಬ ನಾಲ್ಕು ಹೆಚ್ಚುತ್ತವೆ ಎನ್ನುತ್ತದೆ. ನಾವು ಮೊದಲ ಪದವನ್ನು ಹಿಡಿದುಕೊಂಡು ಕೊನೆಯದನ್ನು ಬಿಟ್ಟುಬಿಡುತ್ತೇವೆ. ‘ವೃದ್ಧೋಪಸೇವಿ’ ಎಂದರೆ ಹಿರಿಯರ ಜೊತೆಗಿದ್ದು ಅವರ ಬೇಕುಬೇಡಗಳನ್ನು ನೋಡಿಕೊಳ್ಳುವವನು. ಅಜ್ಜನ ಮಾತ್ರೆಯ ಹೊತ್ತನ್ನು ನೆನಪಿಟ್ಟುಕೊಳ್ಳುವ, ಅಜ್ಜಿಯ ಪಕ್ಕ ಕುಳಿತು ಮಾತು ಕೇಳುವ ಹುಡುಗನಿಗೆ ಅವರ ಬದುಕಿನ ತಿಳಿವಳಿಕೆ ದಕ್ಕುವುದಕ್ಕೆ ಬೇರೆ ವಿವರಣೆಯೇ ಬೇಕಿಲ್ಲ. ನಿಮ್ಮ ಮಗನ ಮುಂದೆ ಈ ಕಾರಣವನ್ನು ಇಡಿ. ಸುಳ್ಳು ಆಧಾರದ ಮೇಲೆ ನಿಲ್ಲಿಸಿದ ಆಚಾರವನ್ನು ಓದಿದ ಮಕ್ಕಳು ಆಧಾರದ ಸಮೇತ ಕೆಡವುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ಧಾರೆಗೆ ಮೊದಲು ಹುಡುಗಿಯ ತಂದೆ-ತಾಯಿ ನನ್ನ ಕಾಲು ತೊಳೆಯಬೇಕೆಂದು ಪುರೋಹಿತರು ಹೇಳಿದ್ದಾರೆ. ಅವರಿಬ್ಬರಿಗೂ ಅರವತ್ತು ದಾಟಿದೆ. ನಾನು ಕುಳಿತಿರುವಾಗ ಅವರು ನನ್ನ ಕಾಲ ಬಳಿ ಬಗ್ಗುವುದನ್ನು ನೆನೆದರೇ ಸಂಕಟವಾಗುತ್ತದೆ. ಬೇಡವೆಂದರೆ ಮದುವೆಯ ಶಾಸ್ತ್ರಕ್ಕೆ ಲೋಪವಾಗುತ್ತದೆಯೇ? (ವೈಟ್‌ಫೀಲ್ಡ್)

ಉತ್ತರ: ಆ ಸಂಕಟ ನಿಮ್ಮಲ್ಲಿ ಇದೆಯೆಂಬುದೇ ನನಗೆ ಸಂತೋಷ ತಂದಿತು. ಈ ವಿಧಿ ಎಲ್ಲಿಂದ ಬಂತು ಎನ್ನುವುದನ್ನು ತಿಳಿದರೆ ನಿಮ್ಮ ನಿರ್ಧಾರ ಸುಲಭವಾಗಬಹುದು. ಮನೆಗೆ ಬಂದ ಗೌರವಾನ್ವಿತ ಅತಿಥಿಗೆ ಆಸನ, ಪಾದ್ಯ (ಕಾಲಿಗೆ ನೀರು), ಅರ್ಘ್ಯ (ಕೈಗೆ ನೀರು), ಆಚಮನೀಯ (ಕುಡಿಯಲು ನೀರು), ಆಮೇಲೆ ಮೊಸರು, ಜೇನು, ತುಪ್ಪ ಬೆರೆಸಿದ ಮಧುಪರ್ಕ ಕೊಡುವುದು ವೈದಿಕ ಕಾಲದ ಸತ್ಕಾರದ ಕ್ರಮ. ಹೀಗೆ ಸತ್ಕರಿಸಬೇಕಾದವರು ಆರು ಮಂದಿ ಎಂದು ಪಾರಸ್ಕರ ಗೃಹ್ಯಸೂತ್ರ ಎಣಿಸುತ್ತದೆ: ಆಚಾರ್ಯ, ಯಜ್ಞದ ಋತ್ವಿಜ, ಮದುವೆಗೆ ಬಂದ ವರ, ರಾಜ, ಪ್ರಿಯನಾದವನು, ವಿದ್ಯೆ ಮುಗಿಸಿದ ಸ್ನಾತಕ. ಬರಿಗಾಲಲ್ಲಿ ಧೂಳಿನ ದಾರಿ ನಡೆದು ಬಂದವನ ಕಾಲಿಗೆ ನೀರು ಕೊಡುವುದು ಇದರ ಮೂಲ. ನಮ್ಮ ಹಳ್ಳಿಗಳಲ್ಲಿ ನೆಂಟರು ಬಂದಾಗ ಜಗಲಿಯ ಮೇಲೆ ಚೊಂಬಿನಲ್ಲಿ ನೀರಿಟ್ಟು ‘ಕಾಲು ತೊಳಕೊಳ್ಳಿ’ ಎನ್ನುವುದನ್ನು ನೀವೂ ಕಂಡಿರುತ್ತೀರಿ. ಇದೂ ಅದೇ ಸತ್ಕಾರ. ವರನನ್ನು ವಿಷ್ಣುವಿನ ಸ್ವರೂಪವೆಂದು ಭಾವಿಸುವ ಮಾತು ಅದಕ್ಕೆ ಸೇರಿಕೊಂಡಿತು. ಆದರೆ ಅದರ ಜೊತೆಗೇ, ಹೆಣ್ಣು ಕೊಟ್ಟವರು ತಗ್ಗಿರಬೇಕು, ಗಂಡಿನ ಕಡೆಯವರು ಮೇಲು ಎಂಬ ಲೋಕರೂಢಿಯೂ ಅಂಟಿಕೊಂಡಿತು. ನಿಮ್ಮ ಮನಸ್ಸು ಹಿಂಜರಿಯುತ್ತಿರುವುದು ಆ ರೂಢಿಯ ಮುಂದೆ, ಹಾಗೆ ಹಿಂಜರಿಯುವುದು ನ್ಯಾಯವೇ.

ಮದುವೆಗೆ ಲೋಪವಾಗುತ್ತದೆಯೇ ಎಂಬ ಭಯ ಬೇಡ. 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಸೆಕ್ಷನ್ ಪ್ರಕಾರ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಂತೆ ಮದುವೆ ನಡೆಯಬಹುದು; ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಇಬ್ಬರೂ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಕಾಲು ತೊಳೆಯಲಿಲ್ಲವೆಂದು ಯಾವ ಮದುವೆಯೂ ಊರ್ಜಿತವಲ್ಲವೆಂದಾಗುವುದಿಲ್ಲ. ಈ ಮಾತನ್ನು ಮಂಟಪದಲ್ಲಿ ಎಲ್ಲರೆದುರು ಎತ್ತದೆ ಈಗಲೇ ಪುರೋಹಿತರ ಜೊತೆ ಮಾತಾಡಿ. ಒಂದು ಉದ್ಧರಣೆ ನೀರನ್ನು ಪಾತ್ರೆಗೆ ಬಿಟ್ಟು ಪಾದ್ಯವೆಂದು ಭಾವಿಸುವುದಕ್ಕೆ ಅನೇಕರು ಒಪ್ಪುತ್ತಾರೆ. ಆಮೇಲೆ ಹುಡುಗಿಯ ತಂದೆ-ತಾಯಿಯನ್ನೇ ಕೇಳಿ. ಮಗಳ ಧಾರೆಯಲ್ಲಿ ಇದನ್ನು ಮಾಡಬೇಕೆಂದು ಅವರೇ ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ, ಅವರಿಂದ ಅದನ್ನು ಕಿತ್ತುಕೊಳ್ಳುವುದು ಸರಿಯಲ್ಲ. ಆಗ ಸತ್ಕಾರವನ್ನು ಸ್ವೀಕರಿಸಿ, ಕೂಡಲೇ ಎದ್ದು ನಿಂತು, ಅದೇ ಮಂಟಪದಲ್ಲಿ ಅವರಿಬ್ಬರ ಕಾಲಿಗೂ ನಮಸ್ಕಾರ ಮಾಡಿ.

ಪ್ರಶ್ನೆ: ಭೀಮನ ಅಮಾವಾಸ್ಯೆಯ ದಿನ ಗಂಡನ ಪಾದಪೂಜೆ ಮಾಡುವುದನ್ನು ಮೊದಲ ವರ್ಷ ನಾನೇ ಇಷ್ಟಪಟ್ಟು ಮಾಡಿದೆ. ಈಗ ಅವರು ಅದನ್ನು ಹಕ್ಕಿನಂತೆ ಕೇಳುತ್ತಾರೆ, ಜಗಳವಾದ ದಿನಗಳಲ್ಲಿ ಎತ್ತಿ ಆಡುತ್ತಾರೆ. ಈ ವರ್ಷ ಮಾಡಲು ಮನಸ್ಸಿಲ್ಲ. (ವಿಜಯನಗರ)

ಉತ್ತರ: ಮನಸ್ಸಿಲ್ಲದಿದ್ದರೆ ಮಾಡಬೇಡಿ. ಆಷಾಢ ಬಹುಳ ಅಮಾವಾಸ್ಯೆಯಂದು ನಡೆಯುವುದು ಜ್ಯೋತಿರ್ಭೀಮೇಶ್ವರ ವ್ರತ. ದೀಪದ ಕಂಬಗಳಲ್ಲಿ ಶಿವ-ಪಾರ್ವತಿಯರನ್ನು ಭಾವಿಸಿ ಪೂಜಿಸುವುದು ಅದರ ಮುಖ್ಯ ಭಾಗ. ಮನೆಯ ಹೊಸ್ತಿಲಲ್ಲಿ ಅಣ್ಣ-ತಮ್ಮಂದಿರು ಮೊಣಕೈಯಿಂದ ಭಂಡಾರ (ಕಾಸು ಅಡಗಿಸಿಟ್ಟ ಕಡುಬು) ಒಡೆಯುವುದೂ ಆ ದಿನದ ರೂಢಿಯಲ್ಲಿ ಇದೆ. ದೀಪ ಹಚ್ಚಿ, ಶಿವ-ಪಾರ್ವತಿಯರಿಗೆ ಕೈಮುಗಿದರೆ ವ್ರತಕ್ಕೆ ಕೊರತೆಯಿಲ್ಲ. ಒಲವಿನಿಂದ ಕೊಟ್ಟದ್ದನ್ನು ಬಾಕಿಯಂತೆ ವಸೂಲಿ ಮಾಡತೊಡಗಿದರೆ ಕೊಡುವ ಕೈ ಹಿಂದೆ ಸರಿಯುತ್ತದೆ. ಇದನ್ನು ಹಬ್ಬದ ದಿನದವರೆಗೆ ಮುಂದೂಡದೆ ಯಾವುದಾದರೂ ಸಮಾಧಾನದ ಸಂಜೆ ನಿಮ್ಮ ಯಜಮಾನರಿಗೆ ಹೇಳಿ. ಜಗಳದಲ್ಲಿ ಆ ಮಾತನ್ನು ಬಳಸಿದಾಗ ನಿಮಗಾದ ನೋವನ್ನೂ ಹೇಳಿ.

ಪ್ರಶ್ನೆ: ನಾನು ಒಂಬತ್ತು ವರ್ಷದವನಿದ್ದಾಗ ತಂದೆ ತೀರಿಕೊಂಡರು. ತಾಯಿ ಬಟ್ಟೆ ಹೊಲಿದು ನನ್ನನ್ನೂ ತಂಗಿಯನ್ನೂ ಓದಿಸಿದರು. ಈಗ ನನ್ನ ಮಗಳ ಮದುವೆ. ಧಾರೆಯಾದ ಮೇಲೆ ವಧೂವರರು ಮೊದಲು ಮುತ್ತೈದೆಯರಿಗೇ ನಮಸ್ಕರಿಸಬೇಕು, ಅಜ್ಜಿಯ ಹತ್ತಿರ ಆಮೇಲೆ ಹೋದರಾಯಿತು ಎಂದು ಬಂಧುಗಳು ಹೇಳುತ್ತಿದ್ದಾರೆ. ಅಮ್ಮನೂ ‘ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ, ಬಿಡು’ ಎನ್ನುತ್ತಾರೆ. ಏನು ಮಾಡಬೇಕು? (ಬಸವನಗುಡಿ)

ಉತ್ತರ: ನಿಮ್ಮ ಮಗಳು ಮೊದಲು ಅಜ್ಜಿಯ ಕಾಲಿಗೇ ನಮಸ್ಕರಿಸಲಿ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಬಂಧುಗಳು ಶಾಸ್ತ್ರದ ಮಾತು ಎತ್ತುವುದರಿಂದ ಶಾಸ್ತ್ರದಿಂದಲೇ ಉತ್ತರಿಸುತ್ತೇನೆ.

ತೈತ್ತಿರೀಯ ಉಪನಿಷತ್ತಿನಲ್ಲಿ ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಗುರು ಹೇಳುವ ಮಾತುಗಳಲ್ಲಿ ‘ಮಾತೃದೇವೋ ಭವ’ ಎಂಬುದು ಮೊದಲು. ತಂದೆ, ಆಚಾರ್ಯ, ಅತಿಥಿ ಆಮೇಲೆ. ಹತ್ತು ಉಪಾಧ್ಯಾಯರಿಗಿಂತ ಒಬ್ಬ ಆಚಾರ್ಯ, ನೂರು ಆಚಾರ್ಯರಿಗಿಂತ ಒಬ್ಬ ತಂದೆ, ಸಾವಿರ ತಂದೆಯರಿಗಿಂತ ಒಬ್ಬ ತಾಯಿ ಗೌರವದಲ್ಲಿ ದೊಡ್ಡವಳು ಎಂದು ಮನುಸ್ಮೃತಿಯೇ ಹೇಳುತ್ತದೆ. ಈ ಎರಡು ಮಾತುಗಳಲ್ಲಿ ಎಲ್ಲಿಯೂ, ತಾಯಿಯ ಗಂಡ ಬದುಕಿದ್ದರೆ ಮಾತ್ರ ಎಂಬ ಷರತ್ತು ಇಲ್ಲ.

ಇದಕ್ಕಿಂತ ನೇರವಾದ ನಿದರ್ಶನ ಮಹಾಭಾರತದ ಆದಿಪರ್ವದಲ್ಲಿದೆ. ದ್ರುಪದನ ಅರಮನೆಯಲ್ಲಿ ಮದುವೆಯಾದ ಮೇಲೆ ದ್ರೌಪದಿ ರೇಷ್ಮೆಯನ್ನುಟ್ಟು ಅತ್ತೆಯ ಬಳಿಗೆ ಬಂದು ನಮಸ್ಕರಿಸಿ, ಕೈಜೋಡಿಸಿ ತಲೆಬಾಗಿ ನಿಲ್ಲುತ್ತಾಳೆ. ಆ ಅತ್ತೆ ಕುಂತಿ. ಪಾಂಡು ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು. ಇಂದ್ರನಿಗೆ ಇಂದ್ರಾಣಿಯಂತೆ, ಅಗ್ನಿಗೆ ಸ್ವಾಹಾದೇವಿಯಂತೆ, ಚಂದ್ರನಿಗೆ ರೋಹಿಣಿಯಂತೆ, ನಳನಿಗೆ ದಮಯಂತಿಯಂತೆ ನೀನು ನಿನ್ನ ಪತಿಗಳಿಗೆ ಆಗು ಎಂದು ಕುಂತಿ ಸೊಸೆಯನ್ನು ಹರಸುತ್ತಾಳೆ. ಮದುವಣಗಿತ್ತಿಗೆ ಸಿಕ್ಕ ಇಷ್ಟು ಚೆಂದದ ಹರಕೆ ನಮ್ಮ ಕಾವ್ಯಗಳಲ್ಲಿ ಅಪರೂಪ. ಅದು ಬಂದದ್ದು ಒಬ್ಬ ವಿಧವೆಯ ಬಾಯಿಂದ. ಅಲ್ಲಿ ನೆರೆದಿದ್ದ ಯಾರೂ ಅದನ್ನು ಅಮಂಗಳವೆನ್ನಲಿಲ್ಲ.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ನನ್ನ ಮದುವೆಯ ದಿನ ನನ್ನ ಅಜ್ಜಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ನೋಡುತ್ತಿದ್ದರು. ನನಗೆ ಅಕ್ಷರ ತಿದ್ದಿಸಿದವರು ಅವರು. ಹಸೆಮಣೆಯಿಂದ ಎದ್ದು ಅಲ್ಲಿಗೆ ಹೋಗಬೇಕೆಂದು ಮನಸ್ಸು ಎಳೆಯಿತು, ಆದರೆ ಹತ್ತಿರದಲ್ಲಿದ್ದ ದೊಡ್ಡವರ ಮುಖ ನೋಡಿ ಸುಮ್ಮನಾದೆ. ಆ ವರ್ಷವೇ ಅವರು ಹೋದರು. ಅಂದು ನಡೆಯದೆ ಉಳಿದ ಹತ್ತು ಹೆಜ್ಜೆ ಇಂದಿಗೂ ನನ್ನನ್ನು ಕಾಡುತ್ತದೆ. ನಿಮ್ಮ ಮಗಳಿಗೆ ಆ ಪಶ್ಚಾತ್ತಾಪ ಬಾರದಿರಲಿ.

ನಿಮ್ಮ ತಾಯಿ ಹಿಂದಿನ ಸಾಲು ಸಾಕೆನ್ನುವುದು ಅವರ ಇಷ್ಟದಿಂದಲ್ಲ, ಐವತ್ತು ಕಡೆ ಹಿಂದೆ ಸರಿಸಿಕೊಂಡ ಅಭ್ಯಾಸದಿಂದ. ಆದ್ದರಿಂದ ನೀವು ಕೇಳುವುದಕ್ಕಿಂತ ಮೊಮ್ಮಗಳೇ ಒಬ್ಬಳೇ ಹೋಗಿ, ಮದುವೆಗೆ ಒಂದು ವಾರ ಮೊದಲು, ‘ಅಜ್ಜಿ, ನನಗೆ ಮೊದಲ ಆಶೀರ್ವಾದ ನಿಮ್ಮದೇ ಬೇಕು’ ಎಂದು ಕೇಳಲಿ. ಪುರೋಹಿತರಿಗೂ ಮೊದಲೇ ತಿಳಿಸಿ. ಮಂಟಪದ ಎದುರಿಗೆ ಅವರಿಗೊಂದು ಕುರ್ಚಿ ಹಾಕಿಸಿ, ಯಾರೂ ಎಬ್ಬಿಸದಂತೆ ಪಕ್ಕದಲ್ಲಿ ನಿಮ್ಮ ತಂಗಿಯನ್ನು ಕೂರಿಸಿ. ‘ದೀರ್ಘಸುಮಂಗಲೀ ಭವ’ ಎಂದೇ ಹರಸಬೇಕೆಂಬ ಕಟ್ಟುಪಾಡೂ ಇಲ್ಲ. ಆ ಮಾತಿನಲ್ಲಿ ಹೆಂಡತಿಯೇ ಗಂಡನಿಗಿಂತ ಮೊದಲು ಹೋಗಲಿ ಎಂಬ ಅರ್ಥ ಅಡಗಿರುವುದರಿಂದ ನಾನಂತೂ ‘ಇಬ್ಬರೂ ನೂರು ಕಾಲ ಕೂಡಿ ಬಾಳಿ’ ಎನ್ನುತ್ತೇನೆ.

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯವನು, ಈಗ ಕೆಂಗೇರಿಯಲ್ಲಿ ಇದ್ದೇನೆ. ನನ್ನ ಅಪ್ಪ ಊರಿನ ದೊಡ್ಡ ಮನೆಯ ಜಗಲಿಯ ಮುಂದೆ ಚಪ್ಪಲಿ ಬಿಟ್ಟು, ಬೆನ್ನು ಬಾಗಿಸಿ ‘ಅಡ್ಡಬಿದ್ದೆ ಬುದ್ಧಿ’ ಎನ್ನುತ್ತಿದ್ದರು. ಆ ಮನೆಯ ಹತ್ತು ವರ್ಷದ ಹುಡುಗನಿಗೂ ಹಾಗೇ ಎನ್ನಬೇಕಾಗಿತ್ತು. ಯಾರ ಕಾಲಿಗೂ ಬೀಳುವುದಿಲ್ಲವೆಂದು ನಾನು ಅಂದೇ ನಿಶ್ಚಯಿಸಿದೆ. ಈಗ ಮಗಳು ಭರತನಾಟ್ಯ ಕಲಿಯುತ್ತಿದ್ದಾಳೆ, ತರಗತಿಯ ಕೊನೆಯಲ್ಲಿ ಗುರುಗಳ ಕಾಲು ಮುಟ್ಟುತ್ತಾಳೆ. ಅದನ್ನು ನೋಡಿದಾಗಲೆಲ್ಲ ಅಪ್ಪನ ಬೆನ್ನು ಕಣ್ಣೆದುರು ಬರುತ್ತದೆ. ಅವಳನ್ನು ತಡೆಯಲೇ? (ಕೆಂಗೇರಿ)

ಉತ್ತರ: ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ‘ಅದು ಹಳ್ಳಿಯವರು ಕೆಡಿಸಿದ ಪದ್ಧತಿ, ಮೂಲದಲ್ಲಿ ಎಲ್ಲವೂ ಶುದ್ಧವಾಗಿತ್ತು’ ಎಂದು ಹೇಳಿ ನಿಮ್ಮನ್ನು ಸಮಾಧಾನ ಪಡಿಸಬಹುದಿತ್ತು, ಆದರೆ ಅದು ನಿಜವಲ್ಲ. ನಮಸ್ಕಾರದೊಳಗೆ ಜಾತಿಯ ಅಳತೆಗೋಲು ಬಹಳ ಹಿಂದೆಯೇ ಸೇರಿತ್ತು. ಬ್ರಾಹ್ಮಣ ಬಲಗೈಯನ್ನು ಕಿವಿಯ ಮಟ್ಟಕ್ಕೆ ಚಾಚಿ, ಕ್ಷತ್ರಿಯ ಎದೆಯ ಮಟ್ಟಕ್ಕೆ, ವೈಶ್ಯ ಸೊಂಟದ ಮಟ್ಟಕ್ಕೆ ಚಾಚಿ, ಶೂದ್ರ ತೀರ ತಗ್ಗಿ ಕೈಜೋಡಿಸಿ ಅಭಿವಾದನ ಮಾಡಬೇಕೆಂದು ಆಪಸ್ತಂಬ ಧರ್ಮಸೂತ್ರ ವಿಧಿಸುತ್ತದೆ. ನಮಸ್ಕರಿಸಿದವನ ಹೆಸರನ್ನು ಹಿರಿಯನು ಮರಳಿ ಹೇಳಿ ಹರಸುವಾಗ ಕೊನೆಯ ಸ್ವರವನ್ನು ಎಳೆದು ಉಚ್ಚರಿಸಬೇಕು ಎಂಬ ನಿಯಮವನ್ನು ಪಾಣಿನಿ ಅಷ್ಟಾಧ್ಯಾಯಿಯಲ್ಲಿ ದಾಖಲಿಸಿದ್ದಾನೆ. ಆ ಸೂತ್ರ ‘ಪ್ರತ್ಯಭಿವಾದೇಽಶೂದ್ರೇ’ ಎಂದಿದೆ. ನಮಸ್ಕರಿಸಿದವನು ಶೂದ್ರನಾದರೆ ಆ ಎಳೆತ ಇಲ್ಲ ಎಂದು ಅರ್ಥ. ವ್ಯಾಕರಣದ ಪುಸ್ತಕದಲ್ಲಿ ಕುಳಿತಿರುವ ಆ ಒಂದು ಪದವನ್ನು ಮೊದಲು ಓದಿದ ದಿನ ನನಗೆ ಮುಂದಿನ ಸೂತ್ರಕ್ಕೆ ಹೋಗಲಾಗಲಿಲ್ಲ.

ಹಾಗಾದರೆ ನಿಮ್ಮ ಅಪ್ಪ ಮಾಡಬೇಕಾಗಿ ಬಂದದ್ದಕ್ಕೂ ನಿಮ್ಮ ಮಗಳು ಮಾಡುತ್ತಿರುವುದಕ್ಕೂ ವ್ಯತ್ಯಾಸವಿಲ್ಲವೇ? ಇದೆ. ಅದನ್ನು ಗುರುತಿಸುವುದಕ್ಕೆ ಎರಡು ವಿಷಯ ನೋಡಿದರೆ ಸಾಕು. ವಯಸ್ಸಿಗೋ ವಿದ್ಯೆಗೋ ಗೌರವ ಸಲ್ಲುವುದಾದರೆ ಹತ್ತು ವರ್ಷದ ಹುಡುಗನೇ ನಿಮ್ಮ ಅಪ್ಪನಿಗೆ ನಮಸ್ಕರಿಸಬೇಕಾಗಿತ್ತು. ಅಲ್ಲಿ ತಲೆಬಾಗಿದ್ದು ವಯಸ್ಸಿಗೂ ಅಲ್ಲ, ವಿದ್ಯೆಗೂ ಅಲ್ಲ, ಹುಟ್ಟಿಗೆ ಮತ್ತು ಹೊಲದ ಒಡೆತನಕ್ಕೆ. ಎರಡನೆಯದಾಗಿ, ಆ ಜಗಲಿಯಿಂದ ನಿಮ್ಮ ಅಪ್ಪನಿಗೆ ಮರಳಿ ಏನು ಬಂತು? ‘ನಿನಗೆ ಒಳ್ಳೆಯದಾಗಲಿ, ನಿನ್ನ ಮಕ್ಕಳು ಓದಲಿ’ ಎಂಬ ಒಂದು ಮಾತಾದರೂ ಬಂದಿತ್ತೇ? ಮರುನುಡಿ ಇಲ್ಲದ ಕಡೆ ನಡೆದದ್ದು ನಮಸ್ಕಾರವಲ್ಲ. ‘ಅಡ್ಡಬಿದ್ದೆ’ ಎಂಬ ಮಾತನ್ನೇ ನೋಡಿ, ಅದರಲ್ಲಿ ಬಿದ್ದವನು ಮಾತ್ರ ಇದ್ದಾನೆ, ಎತ್ತುವವನು ಇಲ್ಲ.

ನಮ್ಮ ನಾಡಿನಲ್ಲಿ ಇದನ್ನು ತಿರುವಿ ಹಾಕಿದವರೂ ಇದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚಮ್ಮಾರ ವೃತ್ತಿಯ ಹರಳಯ್ಯನವರು ಬಸವಣ್ಣನವರಿಗೆ ‘ಶರಣು’ ಎಂದರಂತೆ. ಮಂತ್ರಿಯಾಗಿದ್ದ ಬಸವಣ್ಣನವರು ಅದಕ್ಕೆ ‘ಶರಣು ಶರಣಾರ್ಥಿ’ ಎಂದು ಎರಡು ಪಟ್ಟಾಗಿ ಮರಳಿಸಿದರಂತೆ. ಆ ಹೆಚ್ಚಿನ ಶರಣು ತಮ್ಮ ಮೇಲೆ ಋಣವಾಯಿತೆಂದು ಭಾವಿಸಿ ಹರಳಯ್ಯ ಮತ್ತು ಅವರ ಮಡದಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದಾಗ, ಬಸವಣ್ಣನವರು ಅವನ್ನು ಮೆಟ್ಟಲಾರದೆ ತಲೆಯ ಮೇಲೆ ಹೊತ್ತರು ಎಂದು ಶರಣರ ಕಥೆಗಳು ಹೇಳುತ್ತವೆ. ‘ಎನಗಿಂತ ಕಿರಿಯರಿಲ್ಲ, ಶಿವಭಕ್ತರಿಂದ ಹಿರಿಯರಿಲ್ಲ, ನಿಮ್ಮ ಪಾದ ಸಾಕ್ಷಿ, ಎನ್ನ ಮನ ಸಾಕ್ಷಿ’ ಎಂದ ಬಸವಣ್ಣನವರಿಗೆ ಪಾದವೆಂದರೆ ಸುಳ್ಳು ಹೇಳಲಾಗದ ಸಾಕ್ಷಿಯ ಸ್ಥಾನ. ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾದಾಗ ಆ ಇಬ್ಬರು ತಂದೆಯರೂ ಪ್ರಾಣ ತೆರಬೇಕಾಯಿತು. ಸಮನಾದ ನಮಸ್ಕಾರಕ್ಕೆ ಈ ನೆಲದಲ್ಲಿ ತೆತ್ತ ಬೆಲೆ ಅಷ್ಟು ದೊಡ್ಡದು. ಇಂದು ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಡಿ ಶಿಕ್ಷಾರ್ಹ ಅಪರಾಧ.

ಇನ್ನು ನಿಮ್ಮ ಮಗಳ ವಿಷಯ. ಭರತನಾಟ್ಯದಲ್ಲಿ ಮೊದಲ ನಮಸ್ಕಾರ ಗುರುವಿಗಲ್ಲ, ಭೂಮಿಗೆ. ಇನ್ನು ಮೇಲೆ ನಿನ್ನನ್ನು ಕಾಲಿನಿಂದ ತಟ್ಟುತ್ತೇನೆ, ಕ್ಷಮಿಸು ಎಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅದು. ಪುಸ್ತಕಕ್ಕೆ ಕಾಲು ತಗುಲಿದರೆ ನಮ್ಮ ಮಕ್ಕಳು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೂ ಇದೇ ಭಾವದಿಂದ. ನಿಮ್ಮ ಮಗಳನ್ನು ತಡೆಯುವ ಮೊದಲು ಅವಳನ್ನು ಕೂರಿಸಿಕೊಂಡು ಅಜ್ಜನ ಕಥೆಯನ್ನು ಹೇಳಿ. ಜಗಲಿ, ಚಪ್ಪಲಿ, ಆ ಹುಡುಗ, ಯಾವುದನ್ನೂ ಬಿಡಬೇಡಿ. ಎಲ್ಲವನ್ನೂ ತಿಳಿದ ಮೇಲೆ ಕಲಿಸಿದವರ ಕಾಲನ್ನು ಮುಟ್ಟುವುದೋ, ಕೈಮುಗಿಯುವುದೋ ಅವಳೇ ನಿರ್ಧರಿಸಲಿ. ಕೈಮುಗಿದರೆ ಗುರುಗಳ ಮುಖ ಸಣ್ಣದಾದರೆ, ಬೇರೆ ಗುರುಗಳನ್ನು ಹುಡುಕಿ. ನಿಮ್ಮ ನಿಶ್ಚಯವನ್ನು ನೀವು ಮುರಿಯಬೇಕಾಗಿಲ್ಲ. ನಿಮ್ಮ ಅಪ್ಪ ಈಗ ಇದ್ದಾರೆಯೇ ಎಂದು ನೀವು ಬರೆದಿಲ್ಲ. ಇದ್ದರೆ, ಮಗಳ ರಂಗಪ್ರವೇಶದ ದಿನ ಅವರನ್ನು ಊರಿನಿಂದ ಕರೆಸಿ ಮೊದಲ ಸಾಲಿನಲ್ಲಿ ಕೂರಿಸಿ. ಗೆಜ್ಜೆ ಕಟ್ಟಿದ ಮೇಲೆ ಅವಳ ಮೊದಲ ನಮಸ್ಕಾರ ಆ ಅಜ್ಜನ ಕಾಲಿಗೆ ಸಲ್ಲಲಿ.

ಪ್ರಶ್ನೆ: ನಮ್ಮ ಬಡಾವಣೆಯ ಉದ್ಯಾನದ ಉದ್ಘಾಟನೆಗೆ ಬಂದ ನಾಯಕರೊಬ್ಬರ ಕಾಲಿಗೆ ಅವರಿಗಿಂತ ಇಪ್ಪತ್ತು ವರ್ಷ ಹಿರಿಯರೂ ಬಿದ್ದರು. ನೀವೂ ಮಾಡಿ, ನೀರಿನ ಕೆಲಸ ಬೇಗ ಆಗುತ್ತದೆ ಎಂದು ನನ್ನನ್ನು ಒತ್ತಾಯಿಸಿದರು. ನಾನು ಮಾಡಲಿಲ್ಲ. ಒರಟಾಗಿ ನಡೆದುಕೊಂಡೆನೇ? (ಯಲಹಂಕ)

ಉತ್ತರ: ಇಲ್ಲ. ಕನ್ನಡದಲ್ಲಿ ‘ಕಾಲಿಗೆ ನಮಸ್ಕಾರ ಮಾಡುವುದು’ ಎಂಬುದಕ್ಕೂ ‘ಕಾಲು ಹಿಡಿಯುವುದು’ ಎಂಬುದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ನಿಮ್ಮನ್ನು ಒತ್ತಾಯಿಸಿದ್ದು ಎರಡನೆಯದಕ್ಕೆ. ಕುಡಿಯುವ ನೀರು ತೆರಿಗೆ ಕಟ್ಟುವ ನಾಗರಿಕರ ಹಕ್ಕು, ಅದಕ್ಕಾಗಿ ಅರ್ಜಿ ಕೊಡಬೇಕು, ಬೆನ್ನು ಬಗ್ಗಿಸಬೇಕಾಗಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಡಾ. ಬಿ.ಆರ್. ಅಂಬೇಡ್ಕರ್ ಅವರು, ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ಆದರೆ ರಾಜಕೀಯದಲ್ಲಿ ಭಕ್ತಿ ಅಥವಾ ವ್ಯಕ್ತಿಪೂ‌ಜೆ ಅಧೋಗತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ಖಚಿತವಾದ ದಾರಿ ಎಂದು ಎಚ್ಚರಿಸಿದ್ದರು. ತಮಗಿಂತ ಹಿರಿಯರು ಬಗ್ಗುವಾಗ ತೋಳು ಹಿಡಿದು ತಡೆಯದೆ ನಿಂತ ಆ ನಾಯಕರ ನಡತೆಯೇ ಒರಟು.

ಪ್ರಶ್ನೆ: ನನಗೆ ಎಪ್ಪತ್ತೆಂಟು ವರ್ಷ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಂತಿರುತ್ತದೆ, ಮನೆಯೊಳಗೂ ಚಪ್ಪಲಿ ಹಾಕಿಕೊಂಡಿರುತ್ತೇನೆ. ಹಬ್ಬದಲ್ಲಿ ಮಕ್ಕಳು ಕಾಲು ಮುಟ್ಟಲು ಬಂದರೆ ಮುಜುಗರವಾಗುತ್ತದೆ. ಆಶೀರ್ವಾದಕ್ಕೆ ಸಂಸ್ಕೃತದ ಮಾತೂ ನನಗೆ ಬಾರದು. (ಜಯನಗರ)

ಉತ್ತರ: ಅಮ್ಮ, ಚಪ್ಪಲಿಯನ್ನು ತೆಗೆಯಬೇಡಿ. ಜೋಮು ಹಿಡಿದ ಪಾದಕ್ಕೆ ಸಣ್ಣ ಗಾಯವಾದರೂ ತಿಳಿಯುವುದಿಲ್ಲ, ಮಾಯುವುದೂ ತಡವಾಗುತ್ತದೆ. ಹಬ್ಬದ ನೆಪದಲ್ಲಿ ವೈದ್ಯರ ಮಾತನ್ನು ಮೀರಬಾರದು. ‘ಅಲ್ಲಿಂದಲೇ ಕೈಮುಗಿ ಕಂದ, ನನಗೆ ಮುಟ್ಟಿತು’ ಎಂದು ಹೇಳಿದರೆ ಯಾವ ಮಗುವೂ ಬೇಸರಪಡುವುದಿಲ್ಲ. ಚಪ್ಪಲಿ ಮೆಟ್ಟಿದ್ದಾಗ, ತಲೆಗೆ ಸುತ್ತಿಕೊಂಡಿದ್ದಾಗ, ಕೈಯಲ್ಲಿ ಏನಾದರೂ ಹಿಡಿದಿದ್ದಾಗ ಅಭಿವಾದನ ಮಾಡಬಾರದು ಎಂಬ ಆಪಸ್ತಂಬನ ನಿಯಮ ನಮಸ್ಕರಿಸುವವರಿಗೆ ಹೇಳಿದ್ದು, ಕುಳಿತ ಹಿರಿಯರಿಗೆ ಅಲ್ಲ.

ಸಂಸ್ಕೃತ ಬಾರದೆಂಬ ಚಿಂತೆಯನ್ನೂ ಬಿಡಿ. ಹಳೆಯ ಕ್ರಮದಲ್ಲಿ ಹಿರಿಯರು ಹೇಳುತ್ತಿದ್ದುದು ‘ಆಯುಷ್ಮಾನ್ ಭವ ಸೌಮ್ಯ’ ಎಂಬಷ್ಟೇ, ಜೊತೆಗೆ ನಮಸ್ಕರಿಸಿದವನ ಹೆಸರು. ಮೇಲೆ ಹೇಳಿದ ಪಾಣಿನಿಯ ಸೂತ್ರದ ಪಕ್ಕದಲ್ಲೇ ಇನ್ನೊಂದಿದೆ: ದೂರದಿಂದ ಕರೆಯುವಾಗಲೂ ಹೆಸರಿನ ಕೊನೆಯ ಸ್ವರವನ್ನು ಎಳೆಯಬೇಕು. ಆಶೀರ್ವಾದದಲ್ಲಿ ಹೆಸರು ಹಿಡಿದು ಹೇಳುವುದಕ್ಕೂ ಸಂಜೆ ಆಟವಾಡುತ್ತಿರುವ ಮಗುವನ್ನು ತಾಯಿ ಮನೆಗೆ ಕರೆಯುವುದಕ್ಕೂ ಅಂದಿನವರ ಕಿವಿಗೆ ಒಂದೇ ದನಿ ಕೇಳಿಸಿತ್ತು. ಈ ಸಾಮ್ಯ ನನಗೆ ಬಹಳ ಇಷ್ಟ. ಆ ದನಿಯಲ್ಲಿ ಯಾರಿಗೂ ಜಾತಿ ನೋಡಿ ಕಡಿಮೆ ಮಾಡದೆ, ಮನೆಗೆಲಸದವರ ಮಗುವಿಗೂ ಮೊಮ್ಮಗನಿಗೂ ಸಮನಾಗಿ, ‘ನೂರು ಕಾಲ ಬಾಳು’, ‘ತಣ್ಣಗಿರು’, ‘ಸುಖವಾಗಿರು’ ಎನ್ನಿ. ಉತ್ತರ ಕರ್ನಾಟಕದವರು ವಿಜಯದಶಮಿಯಂದು ಬನ್ನಿ ಎಲೆ ಕೊಟ್ಟು ಕಾಲಿಗೆರಗುವಾಗ ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ’ ಎನ್ನುತ್ತಾರೆ. ಅಲ್ಲಿ ‘ಇರೋಣ’ ಎಂಬ ಮಾತಿನೊಳಗೆ ಇಬ್ಬರೂ ಬಂದುಬಿಡುತ್ತಾರೆ. ನಿಮ್ಮ ಬಾಯಿಗೆ ಸಹಜವಾಗಿ ಬರುವ ಕನ್ನಡವೇ ಸಾಕು. ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ: ಮಗು ಬಗ್ಗಿರುವಾಗ ಟಿವಿಯ ಕಡೆಗೋ ಇನ್ನೊಬ್ಬರ ಕಡೆಗೋ ನೋಡದೆ ಅದರ ಹೆಸರನ್ನು ಹೇಳಿ ಹರಸಿ.

ಪ್ರಶ್ನೆ: ನನ್ನ ತಂದೆಗೆ ಮರೆವಿನ ಕಾಯಿಲೆ. ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ, ನನ್ನ ಗುರುತೂ ಸಿಗುವುದಿಲ್ಲ. ದಿನಾ ಕೆಲಸಕ್ಕೆ ಹೊರಡುವಾಗ ಅವರ ಕಾಲು ಮುಟ್ಟುವುದು ನನ್ನ ಚಿಕ್ಕಂದಿನ ಅಭ್ಯಾಸ. ಮಲಗಿರುವವರ ಕಾಲಿಗೆ ನಮಸ್ಕಾರ ಮಾಡಬಾರದು, ಅದು ಸತ್ತವರಿಗೆ ಮಾತ್ರ ಎಂದು ಚಿಕ್ಕಮ್ಮ ಗದರಿಸಿದರು. ಬಿಟ್ಟುಬಿಡಬೇಕೇ? (ಮಲ್ಲೇಶ್ವರಂ)

ಉತ್ತರ: ಬಿಡಬೇಡಿ. ನಿದ್ದೆಯಲ್ಲಿರುವವರನ್ನು ಕಲಕಬಾರದು, ಎದ್ದು ಕುಳಿತು ಹರಸಲು ಅವರಿಗೆ ಅವಕಾಶ ಕೊಡಬೇಕು ಎನ್ನುವ ದಾಕ್ಷಿಣ್ಯಕ್ಕೂ, ಮಲಗಿಸಿದ ಶವಕ್ಕೆ ಕೊನೆಯ ನಮಸ್ಕಾರ ಸಲ್ಲುವುದರ ನೆನಪಿಗೂ ಈ ರೂಢಿ ಹೊಂದಿಕೊಂಡಿದೆ. ನಿಮ್ಮ ಚಿಕ್ಕಮ್ಮನವರು ಗದರಿಸಿದ್ದು ಭಾವನನ್ನು ಕಳೆದುಕೊಳ್ಳುವ ಭಯದಿಂದ. ಅವರ ಮೇಲೆ ಸಿಟ್ಟು ಮಾಡಬೇಡಿ. ಅವರಿಗೆ ಭೀಷ್ಮರನ್ನು ನೆನಪಿಸಿ. ಐವತ್ತೆಂಟು ರಾತ್ರಿ ಶರಶಯ್ಯೆಯ ಮೇಲೆ ಮಲಗಿದ್ದ ಆ ಅಜ್ಜನಿಗೆ ಧರ್ಮರಾಯ ನಮಸ್ಕರಿಸಿಯೇ ಧರ್ಮದ ಪ್ರಶ್ನೆಗಳನ್ನು ಕೇಳಿದ.

ಅದಕ್ಕೂ ಮೊದಲು, ಭೀಷ್ಮರು ಬಿದ್ದ ದಿನ, ಉಳಿದವರೆಲ್ಲ ತಮ್ಮ ತಮ್ಮ ಬಿಡಾರಗಳಿಗೆ ಹೋದ ಮೇಲೆ ಕರ್ಣ ಅಲ್ಲಿಗೆ ಬರುತ್ತಾನೆ. ಭೀಷ್ಮರು ಕಣ್ಣು ಮುಚ್ಚಿ ಮಲಗಿರುತ್ತಾರೆ. ಕರ್ಣ ಅವರ ಪಾದಗಳಿಗೆ ಬಿದ್ದು, ಗಂಟಲು ಕಟ್ಟಿದ ದನಿಯಲ್ಲಿ ‘ನಾನು ರಾಧೇಯ’ ಎಂದು ತನ್ನ ಹೆಸರು ಹೇಳುತ್ತಾನೆ. ಭೀಷ್ಮರು ಕಣ್ಣು ತೆರೆದು, ತಂದೆ ಮಗನನ್ನು ಅಪ್ಪುವಂತೆ ಒಂದೇ ಕೈಯಿಂದ ಅವನನ್ನು ತಬ್ಬಿಕೊಳ್ಳುತ್ತಾರೆ.

ಗಮನಿಸಿ, ಕಣ್ಣು ಮುಚ್ಚಿದವರ ಮುಂದೆ ಕರ್ಣ ಹೆಸರು ಹೇಳಿದ. ಅಭಿವಾದನವೆಂದರೆ ಬರಿಯ ಬಗ್ಗುವುದಲ್ಲ, ‘ನಾನು ಇಂಥವನು, ನಮಸ್ಕರಿಸುತ್ತಿದ್ದೇನೆ’ ಎಂದು ತನ್ನನ್ನು ತಿಳಿಸಿಕೊಳ್ಳುವುದು. ಗುರುತು ಮರೆತ ನಿಮ್ಮ ತಂದೆಯವರಿಗೆ ಈ ಭಾಗವೇ ಹೆಚ್ಚು ಬೇಕಾಗಿದೆ. ನಾಳೆ ಬೆಳಿಗ್ಗೆ ತಣ್ಣಗಿನ ಕೈಯಿಂದ ಮುಟ್ಟಿ ಬೆಚ್ಚಿಸದೆ, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮೊದಲು ಅವರ ಕಣ್ಣಿಗೆ ಕಾಣುವಂತೆ ನಿಂತು, ‘ಅಪ್ಪಾ, ನಾನು’ ಎಂದು ನಿಮ್ಮ ಹೆಸರನ್ನು ನಿಧಾನವಾಗಿ ಹೇಳಿ. ಆಮೇಲೆ ಪಾದ ಮುಟ್ಟಿ. ಅವರು ಏನನ್ನೂ ಹೇಳದಿದ್ದರೆ, ಹಾಸಿಗೆಯ ಪಕ್ಕದಲ್ಲಿ ತಲೆಬಾಗಿಸಿ ಕುಳಿತು, ಅವರ ಬಲಗೈಯನ್ನು ನೀವೇ ಎತ್ತಿ ನಿಮ್ಮ ತಲೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು ಕೆಲಸಕ್ಕೆ ಹೊರಡಿ.